‘ಇನ್ ದ ಫ್ಲೆಶ್’: ಎದುರಿಗೆ ಇರುವುದರ ಬೆಲೆ

ಟೀವಿಯಲ್ಲಿ ಮಾತ್ರ ನೋಡಿದ್ದ ಕ್ರಿಕೆಟ್ ಆಟಗಾರ ಏರ್‌ಪೋರ್ಟಿನಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿ ಬ್ಯಾಗ್ ಎಳೆದುಕೊಂಡು ಹೋದ ಅಂದುಕೊಳ್ಳಿ. ಮನೆಗೆ ಬಂದು ನಾವು ‘ಕಣ್ಣಾರೆ ನೋಡಿದೆ’ ಎನ್ನುತ್ತೇವೆ. ಇಂಗ್ಲಿಷಿನವರು ‘ಇನ್ ದ ಫ್ಲೆಶ್’ ನೋಡಿದೆ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಒತ್ತು ನೋಡುವವರ ಕಣ್ಣಿನ ಮೇಲೆ. ಅವರ ಮಾತಿನಲ್ಲಿ ಒತ್ತು ಎದುರಿಗಿರುವವನ ಮೈ ಮೇಲೆ, ಅದೂ ರಕ್ತಮಾಂಸದ ಮೈ ಮೇಲೆ.

ಇದು ಬೈಬಲ್ ಮೂಲಕ ಇಂಗ್ಲಿಷಿಗೆ ಬಂದ ಮಾತು. ಬೈಬಲ್‌ನ ಹಳೆಯ ಭಾಗವಿರುವ ಹೀಬ್ರೂ ಭಾಷೆಯ ‘ಬಾಸಾರ್’ ಎಂದರೆ ಮಾಂಸವೂ ಹೌದು, ಮೈಯೂ ಹೌದು, ಮನುಷ್ಯನೂ ಹೌದು. ಗ್ರೀಕಿನ ‘ಸಾರ್ಕ್ಸ್’ ಆ ಅರ್ಥಗಳನ್ನು ಹೊತ್ತುಕೊಂಡಿತು. 14ನೇ ಶತಮಾನದಲ್ಲಿ ವಿಕ್ಲಿಫ್‌ನ ಬಳಗ ಲ್ಯಾಟಿನ್‌ನಿಂದ, 1526ರಲ್ಲಿ ಟಿಂಡೇಲ್ ನೇರವಾಗಿ ಗ್ರೀಕಿನಿಂದ, ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದರು. 1611ರ ಕಿಂಗ್ ಜೇಮ್ಸ್ ಬೈಬಲ್ ಇಂಥ ಎಷ್ಟೋ ಮಾತುಗಳನ್ನು ಜನರ ನಾಲಿಗೆಗೆ ತಂದಿತು.

ಅದರಲ್ಲಿ ಆದಿಕಾಲದ ಕ್ರೈಸ್ತ ಪ್ರಚಾರಕ ಪೌಲನ ಹೆಸರಿನಲ್ಲಿರುವ ಒಂದು ಪತ್ರ ನನಗೆ ತುಂಬಾ ಇಷ್ಟ. ಅದು ಇಂದಿನ ಟರ್ಕಿಯಲ್ಲಿದ್ದ ಕೊಲೊಸ್ಸೆ ಎಂಬ ಊರಿನವರಿಗೆ ಬರೆದದ್ದು. ಬರೆದವನು ಸೆರೆಯಲ್ಲಿದ್ದಾನೆ. ಓದುವವರು ಅವನ ಮುಖವನ್ನೇ ಕಂಡಿಲ್ಲ. ‘ನನ್ನ ಮುಖವನ್ನು ಇನ್ ದ ಫ್ಲೆಶ್ ನೋಡದವರಿಗಾಗಿ’ ಎಷ್ಟು ಹೆಣಗುತ್ತಿದ್ದೇನೆ ಗೊತ್ತಾ ಎಂದು ಶುರುಮಾಡಿ, ನಾಲ್ಕು ಸಾಲಿನ ನಂತರ ‘ಮೈಯಿಂದ ದೂರವಿದ್ದರೂ ಮನಸ್ಸಿನಿಂದ ನಿಮ್ಮ ಜೊತೆಗಿದ್ದೇನೆ’ ಎನ್ನುತ್ತಾನೆ. ಮದುವೆಗೆ ಬರಲಾಗದವರು ಇಂಗ್ಲಿಷಿನಲ್ಲಿ ಕಳಿಸುವ ‘ವಿತ್ ಯೂ ಇನ್ ಸ್ಪಿರಿಟ್’ ಎಂಬ ಸಂದೇಶದ ಬೇರೂ ಇಂಥ ಸಾಲುಗಳಲ್ಲೇ ಇದೆ. ಪತ್ರದ ಕೊನೆ ಇನ್ನೂ ಮನಸ್ಸಿಗೆ ತಟ್ಟುತ್ತದೆ. ಈ ವಂದನೆಯನ್ನು ನನ್ನ ಕೈಯಾರೆ ಬರೆದಿದ್ದೇನೆ, ನನ್ನ ಬೇಡಿಗಳನ್ನು ನೆನಪಿಡಿ ಎಂದು ಮುಗಿಸುತ್ತಾನೆ. ಮೈ ಹೋಗಲಾರದ ಕಡೆಗೆ ಕೈಬರಹವಾದರೂ ಹೋಗಲಿ ಎಂಬ ಆಸೆ ಅದು.

ಇದೇ ಮಾತಿನ ಸುತ್ತ ದೊಡ್ಡ ಜಗಳವೂ ನಡೆದಿದೆ. ಯೇಸುವಿಗೆ ನಿಜವಾದ ಮೈ ಇರಲೇ ಇಲ್ಲ, ಇದ್ದಂತೆ ಕಾಣುತ್ತಿತ್ತು ಅಷ್ಟೇ ಎಂದು ಆದಿಕಾಲದ ಕೆಲವು ಕ್ರೈಸ್ತರು ವಾದಿಸಿದರು. ಬೈಬಲ್‌ನಲ್ಲಿರುವ ಯೋಹಾನನ ಮೊದಲ ಪತ್ರ ಅದನ್ನು ಒಪ್ಪುವುದಿಲ್ಲ. ಕ್ರಿಸ್ತ ‘ಇನ್ ದ ಫ್ಲೆಶ್’ ಬಂದನೆಂದು ಒಪ್ಪುವುದೇ ಪರೀಕ್ಷೆ ಎನ್ನುತ್ತದೆ. ಕನ್ನಡ ಬೈಬಲ್‌ನಲ್ಲಿ ಅದು ‘ಶರೀರಧಾರಿಯಾಗಿ’ ಎಂದಾಗಿದೆ. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್‌ನನ್ನು ಕಾಡುಮೃಗಗಳ ಬಾಯಿಗೆ ಹಾಕಲು ರೋಮಿಗೆ ಎಳೆದೊಯ್ಯುತ್ತಿದ್ದಾಗ, ದಾರಿಯಲ್ಲೇ ಅವನೂ ಇದನ್ನೇ ಬರೆದ. ಕ್ರಿಸ್ತನ ನೋವು ಬರೀ ತೋರಿಕೆಯಾಗಿದ್ದರೆ ನಾನ್ಯಾಕೆ ಸಂಕೋಲೆಯಲ್ಲಿದ್ದೇನೆ ಎಂಬುದು ಅವನ ಪ್ರಶ್ನೆ. ಮೈ ಇದ್ದರೆ ತಾನೇ ಹಸಿವು, ನೋವು, ಸಾವು?

ಇಷ್ಟಕ್ಕೂ ಮೈ ಎದುರಿಗಿದ್ದರೆ ಏನು ವ್ಯತ್ಯಾಸ ಆಗುತ್ತದೆ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಎದುರು ಚೀನೀ ಮ್ಯಾಂಡರಿನ್ ಮಾತನಾಡುವವರು ನೆಲದ ಮೇಲೆ ಕೂತು ಪುಸ್ತಕ ಓದಿದರು, ಆಟಿಕೆ ಆಡಿಸಿದರು. ಒಂದೊಂದು ಸಲಕ್ಕೆ ಸುಮಾರು 25 ನಿಮಿಷ, ಒಟ್ಟು 12 ಸಲ. ಆಮೇಲೆ, ಮ್ಯಾಂಡರಿನ್‌ನಲ್ಲಿ ಬೇರೆಬೇರೆಯಾದರೂ ಇಂಗ್ಲಿಷಿನಲ್ಲಿ ಇಲ್ಲದ ಎರಡು ಸದ್ದುಗಳನ್ನು ಕೂಸು ಬಿಡಿಸಿ ಕೇಳುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಸದ್ದು ಬದಲಾದಾಗ ಕೂಸು ತಲೆ ತಿರುಗಿಸಿದರೆ ಆಟಿಕೆಯೊಂದು ಕುಣಿಯುತ್ತದೆ.

ಕೂಸುಗಳು ಗೆದ್ದವು. ತೈವಾನ್‌ನಲ್ಲಿ ಅದೇ ಭಾಷೆ ಕೇಳುತ್ತಾ ಬೆಳೆದ ಕೂಸುಗಳಿಗೆ ಸರಿಸಮನಾಗಿ! ಇನ್ನೊಂದು ಗುಂಪಿಗೆ ಅದೇ ಜನರನ್ನು, ಅದೇ ಆಟಗಳನ್ನು ವಿಡಿಯೋದಲ್ಲಿ ತೋರಿಸಿದ್ದರು. ಮತ್ತೊಂದಕ್ಕೆ ಬರೀ ದನಿ ಕೇಳಿಸಿದ್ದರು. ಆ ಎರಡೂ ಗುಂಪು ಏನೂ ಕಲಿಯಲಿಲ್ಲ. ಮಗುವಿನ ಮುಂದೆ ಸುಮ್ನೆ ಮೊಬೈಲ್ ಇಟ್ಟು, ಭಾಷೆ ಕಲಿಯುತ್ತೆ ಬಿಡು ಅನ್ನುವವರು ಈ ಫಲಿತಾಂಶವನ್ನು ಒಮ್ಮೆ ನೋಡಬೇಕು.

ಹಾಗಾದರೆ ಅಮೆರಿಕದಲ್ಲಿರುವ ಮೊಮ್ಮಗಳ ಜೊತೆ ಹಾಸನದ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಆಡುವ ಕನ್ನಡವೆಲ್ಲ ನೀರಿನಲ್ಲಿ ಹೋಮವೇ? ಖಂಡಿತ ಅಲ್ಲ. ಎರಡು, ಎರಡೂವರೆ ವರ್ಷದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಹೊರಬಂತು. ವಿಡಿಯೋ ಕಾಲ್‌ನಲ್ಲಿ ನೇರವಾಗಿ ಮಾತನಾಡಿದಾಗ ಮಕ್ಕಳು ಹೊಸ ಪದಗಳನ್ನು ಕಲಿತರು, ಎದುರಿಗೆ ಕೂತು ಕಲಿತಷ್ಟೇ ಚೆನ್ನಾಗಿ. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲಿಯಲಿಲ್ಲ. ಮಗು ನಕ್ಕರೆ ಅಜ್ಜಿ ನಗುತ್ತಾಳೆ, ಮಗು ಕೇಳಿದರೆ ತಡಮಾಡದೆ ಉತ್ತರ ಕೊಡುತ್ತಾಳೆ. ಈ ಕೊಡುಕೊಳ್ಳುವಿಕೆಯೇ ಅಲ್ಲಿ ಕೆಲಸ ಮಾಡುವುದು. ಪೌಲ ಪತ್ರದಲ್ಲಿ ಎಷ್ಟು ಬೇಡಿಕೊಂಡರೂ ಅವನಿಗೆ ಸಿಗದೇ ಹೋದದ್ದು ಇದೇ ಕೂಡಲೇ ಬರುವ ಉತ್ತರ.

ಆದರೂ ಪಕ್ಕದಲ್ಲಿ ಒಂದು ಮೈ ಇರುವುದಕ್ಕೆ ತನ್ನದೇ ಬೆಲೆ ಇದೆ. ಕೂಲ್ ಅವರ ತಂಡ 2018ರಲ್ಲಿ 9 ತಿಂಗಳ ಕೂಸುಗಳಿಗೆ ಮತ್ತೆ ಮ್ಯಾಂಡರಿನ್ ವಿಡಿಯೋ ತೋರಿಸಿತು. ಈ ಸಲ ಪರದೆ ಮುಟ್ಟಿದರೆ ವಿಡಿಯೋ ಓಡುತ್ತಿತ್ತು. ಕೆಲವು ಕೂಸುಗಳು ಒಂಟಿಯಾಗಿದ್ದವು, ಕೆಲವಕ್ಕೆ ಇನ್ನೊಂದು ಕೂಸಿನ ಜೊತೆ ಇತ್ತು. ಆ ಜೊತೆಗಾರ ಕೂಸಿಗೂ ಮ್ಯಾಂಡರಿನ್ ಬರುವುದಿಲ್ಲ, ಅದು ಏನನ್ನೂ ಕಲಿಸಲಾರದು. ಆದರೂ ಜೋಡಿಯಾಗಿ ನೋಡಿದ ಕೂಸುಗಳ ಮಿದುಳಿನಲ್ಲೇ ಕಲಿಕೆಯ ಗುರುತು ಜಾಸ್ತಿ ಕಂಡಿತು. ಹೆಚ್ಚು ಹೊಸ ಜೊತೆಗಾರರು ಸಿಕ್ಕ ಕೂಸುಗಳು ಇನ್ನೂ ಚೆನ್ನಾಗಿ ಕಲಿತವು.