ಸೂಲಂಗಿ ಬಂದಾಗ ನೀರು ತಪ್ಪಬಾರದು

ಮುಂಗಾರಿನಲ್ಲಿ ರಾಣೆಬೆನ್ನೂರು, ಹಿರೇಕೆರೂರು ಕಡೆ ಎತ್ತ ನೋಡಿದರೂ ಗೋವಿನಜೋಳ. ಬೋರು ಇದ್ದಲ್ಲಿ, ತುಂಗಾ ಮೇಲ್ದಂಡೆಯ ಕಾಲುವೆ ಹರಿದಲ್ಲಿ ಹಿಂಗಾರಿಗೂ ಬೇಸಿಗೆಗೂ ಅದನ್ನೇ ಬಿತ್ತುವವರಿದ್ದಾರೆ. ಈ ಬೆಳೆಯ ಬಹುಪಾಲು ಕೋಳಿಗೆ, ದನಕ್ಕೆ ಆಹಾರವಾಗಿ, ಮೊಟ್ಟೆ ಹಾಲಿನ ರೂಪದಲ್ಲಿ ನಮ್ಮ ತಾಟಿಗೆ ಬರುತ್ತದೆ. ಈಚೆಗೆ ಎಥೆನಾಲ್ ಕಾರ್ಖಾನೆಗಳಿಗೂ ಇದೇ ಕಾಳು ಬೇಕು. 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಗೋವಿನಜೋಳ ತರಿಸಿಕೊಳ್ಳುವ ಸ್ಥಿತಿ ದೇಶಕ್ಕೆ ಬಂತು. ಹೊಸ ಹೊಲ ಎಲ್ಲಿಂದಲೂ ಹುಟ್ಟುವುದಿಲ್ಲ. ನೀರಿರುವ ಹೊಲದಲ್ಲೇ ತೆನೆ ತುದಿಯವರೆಗೆ ಕಾಳು ಕಟ್ಟಬೇಕು.

ಕಾಳು ಕಟ್ಟುವ ಬಗೆ ಸೋಜಿಗದ್ದು. ಗಿಡದ ನೆತ್ತಿಯ ಸೂಲಂಗಿ ಗಂಡು ಹೂವು, ನಡುವಿನ ತೆನೆ ಹೆಣ್ಣು. ತೆನೆಯಿಂದ ಹೊರಗೆ ಇಳಿಬೀಳುವ ರೇಷ್ಮೆಯ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಅಂಟಿಕೊಂಡಿರುತ್ತದೆ. ಆ ಎಳೆಯ ಮೇಲೆ ಪರಾಗದ ಕಣ ಬಿದ್ದು, ಅದರ ನಳಿಕೆ ಎಳೆಯೊಳಗೇ ಇಳಿದು ಬುಡ ಮುಟ್ಟಲು ಸುಮಾರು ಒಂದು ದಿನ ಬೇಕು. ಎಳೆ ಹೊರಬರದಿದ್ದರೆ, ಬಂದರೂ ಒಣಗಿದರೆ, ಆ ಜಾಗ ಬೋಳು.

ಗಿಡದಲ್ಲಿ ಅತಿ ಹೆಚ್ಚು ನೀರು ತುಂಬಿದ ಭಾಗ ಈ ರೇಷ್ಮೆಯೇ. ನೆಲ ಒಣಗಿದರೆ ಸೂಲಂಗಿ ತನ್ನ ಹೊತ್ತಿಗೆ ಪರಾಗ ಉದುರಿಸಿಬಿಡುತ್ತದೆ, ರೇಷ್ಮೆ ಮಾತ್ರ ಹಿಂದುಳಿಯುತ್ತದೆ. ಬುಡದ ಕಾಳಿನ ಎಳೆ ಮೊದಲು, ತುದಿಯದು ಕೊನೆಗೆ ಬರುವುದರಿಂದ ಬರಗಾಲದ ತೆನೆ ತುದಿಯಲ್ಲಿ ಬೋಳಾಗಿರುತ್ತದೆ. ಈ ಹಂತದಲ್ಲಿ ಎಲೆ ಸುರುಳಿ ಸುತ್ತಿಕೊಂಡು ಬಾಡಿದ ಒಂದೊಂದು ದಿನಕ್ಕೂ ಶೇ 3ರಿಂದ 9ರಷ್ಟು ಇಳುವರಿ ಹೋಗಬಹುದು. ಮೊಣಕಾಲೆತ್ತರದ ಗಿಡ ಅದೇ ಬಾಯಾರಿಕೆಯನ್ನು ಎಷ್ಟೋ ಸಲೀಸಾಗಿ ತಡೆದುಕೊಳ್ಳುತ್ತದೆ.

ನಾವು ಮಾಡುವುದು ಬಹಳ ಸಲ ತಿರುಗಾಮುರುಗ. ಕರೆಂಟು ಬಂದಾಗಲೆಲ್ಲ ಎಳೆಯ ಬೆಳೆಗೆ ನೀರು ಹಾಯಿಸುತ್ತೇವೆ. ನವಲಗುಂದ, ನರಗುಂದದ ಎರೆಭೂಮಿಯಲ್ಲಿ ಅದು ಇಂಗದೆ ನಿಂತು ಬೇರಿಗೆ ಗಾಳಿ ಸಿಗುವುದಿಲ್ಲ, ಹಾಕಿದ ಯೂರಿಯಾದ ಸಾರಜನಕವೂ ಗಾಳಿ ಪಾಲಾಗುತ್ತದೆ. ಕೆಳಗಿನ ಎಲೆಯ ತುದಿಯಿಂದ ನಡುನರದುದ್ದಕ್ಕೆ ಹಳದಿ ಇಳಿದಿದ್ದರೆ ಸಾರಜನಕ ಸಾಲದೆಂದು ತಿಳಿಯಿರಿ. ಆರು ಎಲೆ ಬರುವ ಮೊದಲು ಗಿಡದ ಬೆಳೆಯುವ ಮೊಗ್ಗು ಇನ್ನೂ ಮಣ್ಣಿನೊಳಗೇ ಇರುತ್ತದೆ. ಕೆಲವು ದಿನ ನೀರು ನಿಂತರೆ ಸಸಿಯೇ ಸಾಯುತ್ತದೆ. ಬೋದು ಏರಿಸಿ ಸಾಲಿನಲ್ಲಿ ನೀರು ಬಿಡುವುದು, ಹೆಚ್ಚಾದದ್ದು ಹರಿದು ಹೋಗಲು ದಾರಿ ಮಾಡುವುದು ಇಲ್ಲಿ ಮೊದಲ ಕೆಲಸ.

ಪರಾಗ ಕೂಡಿದೆಯೇ ಎಂದು ಹೊಲದಲ್ಲೇ ನೋಡಬಹುದು. ರೇಷ್ಮೆ ಬಂದು ವಾರ ಕಳೆದ ಮೇಲೆ ಒಂದು ತೆನೆ ಮುರಿದು, ಸಿಪ್ಪೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಎಳೆ ಹರಿಯದಂತೆ ಬಿಡಿಸಿ, ಮೆಲ್ಲಗೆ ಕೊಡವಿ. ಕೂಡಿದ ಕಾಳಿನ ಎಳೆ ತಾನಾಗಿ ಕಳಚಿ ಬೀಳುತ್ತದೆ. ಅಂಟಿಕೊಂಡೇ ಉಳಿದವು ಬರಿದಾದ ಕಾಳುಗಳ ಲೆಕ್ಕ ಹೇಳುತ್ತವೆ. ಹೊಲದ ನಾಲ್ಕೂ ಕಡೆ ಇದನ್ನು ಮಾಡಿದರೆ ನೀರು ಎಲ್ಲಿ ತಲುಪಿಲ್ಲ ಎಂಬುದೂ ಗೊತ್ತಾಗುತ್ತದೆ.

ಬಿತ್ತುವ ಹೊತ್ತೂ ಅಷ್ಟೇ ಮುಖ್ಯ. ಫೆಬ್ರವರಿಯಲ್ಲಿ ಬಿತ್ತಿದ್ದು ಏಪ್ರಿಲ್ ಬಿಸಿಲಿಗೆ ಸೂಲಂಗಿ ಬಿಡುತ್ತದೆ. ಒಣ ಬಿಸಿಯಲ್ಲಿ ಪರಾಗ ಬೇಗ ಸಾಯುವುದರಿಂದ ಆಗ ನೀರೊಂದೇ ಸಾಲದು. ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಬೆಳೆಗೆ ಈ ಕಾಟವಿಲ್ಲ.

ಕಾಲುವೆಯ ಕೊನೆಯ ರೈತನಿಗೆ ಇದೆಲ್ಲ ಗೊತ್ತಿದ್ದರೂ ಸರದಿ ಬಾರದಿದ್ದರೆ ಮಾಡುವುದೇನು? ಒಂದು ವಿತರಣಾ ಕಾಲುವೆಯ ಕೆಳಗಿನವರೆಲ್ಲ ಒಂದೇ ವಾರದಲ್ಲಿ ಬಿತ್ತಿ, ಆ ತಾರೀಖನ್ನು ನೀರು ಬಳಕೆದಾರರ ಸಂಘದಲ್ಲಿ ಬರೆಸಲಿ. ಸೂಲಂಗಿಗೆ ಒಂದು ವಾರ ಮೊದಲಿನಿಂದ ಎರಡು ವಾರ ನಂತರದವರೆಗೆ ಸರದಿ ತಪ್ಪದಂತೆ, ಅದೂ ಕೊನೆಯ ಹೊಲದಿಂದ ಮೊದಲ್ಗೊಂಡು ನೀರು ಬಿಡಲು ಆಗ ಲೆಕ್ಕ ಸಿಗುತ್ತದೆ. ಆಮೇಲೆ ಹಾಲ್ಗಾಳು ತುಂಬುವಾಗ ಇನ್ನೊಂದೆರಡು ಸರದಿ.