ಸಮಾಧಿಗೆ ಒಮ್ಮೆ ದುಡ್ಡು ಕಟ್ಟಿದ ಮೇಲೆ ನೋಡಿಕೊಳ್ಳಬೇಕಾದವರು ಯಾರು?

ಓದುಗರ ಪ್ರಶ್ನೆ: ಅಪ್ಪನ ಸಮಾಧಿಗೆ ಜಾಗ ತೆಗೆದುಕೊಳ್ಳುವಾಗಲೇ ಶಾಶ್ವತ ನಿರ್ವಹಣೆಗೆ ಅಂತ ದುಡ್ಡನ್ನೂ ಒಟ್ಟಿಗೆ ಕಟ್ಟಿದ್ದೆವು. ಈಗ ಸಮಾಧಿ ಕಲ್ಲು ಒಂದು ಕಡೆಗೆ ವಾಲಿದೆ. ಕಚೇರಿಯಲ್ಲಿ ಕೇಳಿದರೆ ‘ಕಲ್ಲು ನಿಮ್ಮದು, ನೀವೇ ಸರಿ ಮಾಡಿಸಿ’ ಅನ್ನುತ್ತಾರೆ. ಹಾಗಾದರೆ ನಾವು ಕಟ್ಟಿದ ದುಡ್ಡು ಏನಾಯಿತು?

ಉತ್ತರ: ಕೇಳಿದರೆ ಬೇಸರವಾಗುತ್ತದೆ, ಆದರೆ ಕಚೇರಿಯವರ ಮಾತು ಸರಿಯಿರುವ ಸಾಧ್ಯತೆಯೇ ಜಾಸ್ತಿ. ನಿರ್ವಹಣೆಯ ದುಡ್ಡು ಸಾಮಾನ್ಯವಾಗಿ ನೆಲಕ್ಕೆ ಸಲ್ಲುತ್ತದೆ, ಕಲ್ಲಿಗಲ್ಲ. ಹುಲ್ಲು ಕತ್ತರಿಸುವುದು, ಓಡಾಡುವ ದಾರಿ, ಕಾಂಪೌಂಡ್ ಗೋಡೆ, ಗೇಟು, ಚರಂಡಿ, ಮರಗಳು, ಯಾರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂಬ ರಿಜಿಸ್ಟರು ಇವೆಲ್ಲ ಸ್ಮಶಾನ ನಡೆಸುವವರ ಪಾಲಿನವು. ಕಲ್ಲನ್ನು ಕುಟುಂಬದವರು ತಂದು ನಿಲ್ಲಿಸಿದ್ದು. ಹಾಗಾಗಿ ಅದು ಕುಟುಂಬದ ಆಸ್ತಿ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಹಾಗಂತ ಸುಮ್ನೆ ವಾಪಸ್ ಬರಬೇಡಿ. ಕಲ್ಲು ಯಾಕೆ ವಾಲಿತು ಅಂತ ಮೊದಲು ನೋಡಿ. ಅಗೆದು ಮುಚ್ಚಿದ ಮಣ್ಣು ತುಂಬ ದಿನ ಸಡಿಲವಾಗಿಯೇ ಇರುತ್ತದೆ. ಒಳಗಿನ ಮರದ ಪೆಟ್ಟಿಗೆ ಶಿಥಿಲವಾಗಿ ಕುಸಿದಾಗ ಮೇಲಿನ ಮಣ್ಣೂ ಇಳಿಯುತ್ತದೆ. ಒಂದು ಜೋರು ಮಳೆ ಬಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಕೆಲಸ ಬಲ್ಲವರು ಕಲ್ಲು ನಿಲ್ಲಿಸಲು ಕೆಲವು ತಿಂಗಳು ಕಾಯಿರಿ ಅನ್ನುವುದು ಇದಕ್ಕೇ. ಅಡಿಪಾಯವಿಲ್ಲದೆ ಹಸಿ ಮಣ್ಣಿನ ಮೇಲೆ ನಿಲ್ಲಿಸಿದ್ದರೆ ನಿಲ್ಲಿಸಿದವರನ್ನು ಕೇಳಬೇಕು. ಪಕ್ಕದ ಮರದ ಬೇರು ಎತ್ತಿದ್ದರೆ, ಚರಂಡಿ ಕಟ್ಟಿಕೊಂಡು ನೀರು ನಿಂತು ನೆಲ ಕುಸಿದಿದ್ದರೆ, ಅದು ನೆಲದ ತೊಂದರೆ. ಆಗ ಕಚೇರಿಯವರು ‘ಕಲ್ಲು ನಿಮ್ಮದು’ ಅಂತ ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಹುಲ್ಲು ಕತ್ತರಿಸುವ ಯಂತ್ರ ತಗುಲಿ ಕಲ್ಲಿನ ಬುಡ ಚಕ್ಕೆ ಎದ್ದಿದ್ದರೂ ಇದೇ ಮಾತು.

ಇನ್ನೊಂದು ವಿಷಯವನ್ನು ಅವರು ತಾವಾಗಿಯೇ ಹೇಳಲಿಕ್ಕಿಲ್ಲ. ಕಲ್ಲು ನಿಮ್ಮದಾದರೂ ಅಲ್ಲಿ ಓಡಾಡುವವರ ಸುರಕ್ಷತೆ ಅವರ ಹೊಣೆಯೂ ಹೌದು. ಸಮಾಧಿ ಕಲ್ಲು ಮೈಮೇಲೆ ಬಿದ್ದು ಮಕ್ಕಳು ಸತ್ತಿರುವುದುಂಟು. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದವರು ಕಲ್ಲುಗಳನ್ನು ಕೈಯಿಂದ ತಳ್ಳಿ ನೋಡುತ್ತಾರೆ. ಅಲ್ಲಾಡುವಂತಿದ್ದರೆ ಕಂಬ ಹೊಡೆದು ಪಟ್ಟಿ ಕಟ್ಟುತ್ತಾರೆ, ಇಲ್ಲವೇ ನೆಲಕ್ಕೆ ಮಲಗಿಸುತ್ತಾರೆ. ಮಲಗಿಸಿದ ಕಲ್ಲು ನೋಡಿ ಮನೆಯವರಿಗೆ ಸಂಕಟವಾಗುವುದು ಸಹಜ. ಆದರೆ ಅದನ್ನು ಅವಮಾನ ಮಾಡಲು ಮಾಡಿದ್ದಲ್ಲ.

ಈಗ ದುಡ್ಡಿನ ವಿಷಯ. ನನಗೆ ಹೆಚ್ಚು ಚಿಂತೆಯಾಗುವುದು ಇಲ್ಲೇ. ಸ್ಮಶಾನಕ್ಕೆ ವರಮಾನ ಬರುವುದು ಜಾಗ ಕೊಟ್ಟಾಗ. ಜಾಗ ಪೂರ್ತಿ ತುಂಬಿತು ಅಂದರೆ ವರಮಾನ ನಿಂತಿತು. ಹುಲ್ಲು ಬೆಳೆಯುವುದು ಮಾತ್ರ ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಅಮೆರಿಕದ ಹಲವು ರಾಜ್ಯಗಳ ಕಾನೂನು, ಜಾಗ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಇಡುಗಂಟಾಗಿ ತೆಗೆದಿಡಬೇಕು ಅನ್ನುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಕನಿಷ್ಠ 10%. ಅಸಲು ಮುಟ್ಟದೆ, ಅದರಿಂದ ಬರುವ ಆದಾಯದಲ್ಲಿ ನೆಲ ನೋಡಿಕೊಳ್ಳಬೇಕು ಎನ್ನುವುದು ಲೆಕ್ಕಾಚಾರ. ಲೆಕ್ಕಾಚಾರ ಚೆನ್ನಾಗಿಯೇ ಇದೆ. ಆದರೆ ಕೂಲಿ, ಸಾಮಾನುಗಳ ಖರ್ಚು ವರ್ಷಕ್ಕೆ 5% ಏರುತ್ತಾ ಹೋದರೆ 14-15 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. ಬಡ್ಡಿಯನ್ನೆಲ್ಲ ಆಯಾ ವರ್ಷವೇ ಖರ್ಚು ಮಾಡಿದರೆ ಅಸಲು ಇದ್ದಲ್ಲೇ ಇರುತ್ತದೆ. ಅಷ್ಟೇ ದುಡ್ಡಿಗೆ ಅರ್ಧ ಕೆಲಸ ಆಗುತ್ತದೆ.

ಹಣ ಬತ್ತಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ಹೈಗೇಟ್ ಸ್ಮಶಾನವನ್ನು ನೋಡಬಹುದು. 1839ರಲ್ಲಿ ಒಂದು ಕಂಪನಿ ಅದನ್ನು ಶುರುಮಾಡಿತು. ದೊಡ್ಡ ದೊಡ್ಡವರ ಸಮಾಧಿಗಳು ಅಲ್ಲಿವೆ. ಮುಂದಿನ ಶತಮಾನದಲ್ಲಿ ಆದಾಯ ಇಳಿದು ಜಾಗ ಕಾಡು ಬಿತ್ತು. ಕೊನೆಗೆ 1975ರಲ್ಲಿ ಅದನ್ನು ಉಳಿಸಲು ಮುಂದೆ ಬಂದದ್ದು ಫ್ರೆಂಡ್ಸ್ ಆಫ್ ಹೈಗೇಟ್ ಸೆಮೆಟರಿ ಎಂಬ ಸಂಘ. ಸರ್ಕಾರದ ಕೈಯಲ್ಲಿದ್ದರೆ ಚಿಂತೆಯಿಲ್ಲ ಅಂತಲೂ ಇಲ್ಲ. ಅದೇ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಿಟಿ ಕೌನ್ಸಿಲ್ 1987ರಲ್ಲಿ ನಿರ್ವಹಣೆಯ ಖರ್ಚು ತಪ್ಪಿಸಿಕೊಳ್ಳಲು ಮೂರು ಸ್ಮಶಾನಗಳನ್ನು ತಲಾ 5 ಪೆನ್ಸ್‌ಗೆ ಮಾರಿತು. ಜನ ಸುಮ್ಮನಿರಲಿಲ್ಲ. 1992ರಲ್ಲಿ ಅವನ್ನು ವಾಪಸ್ ಪಡೆಯಬೇಕಾಯಿತು.

ಚೆನ್ನಾಗಿ ನಡೆದಿರುವ ಉದಾಹರಣೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರಿಗಾಗಿ 1917ರಲ್ಲಿ ಶುರುವಾದ ಸಂಸ್ಥೆ, ಈಗಿನ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ನೆನಪನ್ನು ಅದು ಕಾಪಾಡುತ್ತಿದೆ. ಭಾರತವೂ ಸೇರಿ ಆರು ದೇಶಗಳು ತಮ್ಮ ತಮ್ಮ ಸೈನಿಕರ ಸಮಾಧಿಗಳ ಸಂಖ್ಯೆಗೆ ತಕ್ಕಂತೆ ಖರ್ಚು ಹಂಚಿಕೊಳ್ಳುತ್ತವೆ. ದುಡ್ಡು ಕೊಡುವವರು ಯಾರು ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ. ಶಾಶ್ವತ ನಿರ್ವಹಣೆ ಎಂಬ ಮಾತಿಗೆ ಬೆಲೆ ಬರುವುದು ಆಗಲೇ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಹಕ್ಕು ಎಷ್ಟು ವರ್ಷಕ್ಕೆ ಎಂಬುದನ್ನೂ ನೋಡಿಕೊಳ್ಳಿ. ಜಾಗ ಕೊಂಡೆವು ಅಂದುಕೊಂಡಿರುತ್ತೇವೆ. ಎಷ್ಟೋ ಕಡೆ ಸಿಗುವುದು ಬಳಸುವ ಹಕ್ಕು ಮಾತ್ರ. ಜರ್ಮನಿಯಲ್ಲಿ ಸಾಮಾನ್ಯವಾಗಿ 20-30 ವರ್ಷ. ಅಷ್ಟೂ ಕಾಲ ಸಮಾಧಿಯ ಗಿಡ, ಮಣ್ಣು ನೋಡಿಕೊಳ್ಳಬೇಕಾದವರೂ ಕುಟುಂಬದವರೇ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ಸ್ಮಶಾನಗಳಲ್ಲಿ ಒಮ್ಮೆಗೆ ಹೆಚ್ಚೆಂದರೆ 100 ವರ್ಷ.

ನಿಮ್ಮ ವಿಷಯಕ್ಕೆ ಬರೋಣ. ಕಲ್ಲನ್ನು ನೀವೇ ತಳ್ಳಿ ನೆಟ್ಟಗೆ ಮಾಡಲು ಹೋಗಬೇಡಿ, ಅದರ ಭಾರ ಅಂದಾಜಿಗೆ ಸಿಗುವುದಿಲ್ಲ. ಬುಡದ ಮಣ್ಣು, ಸುತ್ತಲಿನ ಬೇರು, ನೀರು ನಿಂತ ಗುರುತು ಕಾಣುವಂತೆ ಫೋಟೋ ತೆಗೆಯಿರಿ. ಅದರ ಜೊತೆ ಒಂದು ಪತ್ರ ಕೊಟ್ಟು, ಕಾರಣ ಏನೆಂದು ಬರವಣಿಗೆಯಲ್ಲೇ ಉತ್ತರ ಕೇಳಿ. ನೀವು ಕಟ್ಟಿದ ಹಣ ಯಾವ ಖಾತೆಯಲ್ಲಿದೆ, ಅದರ ಲೆಕ್ಕ ಯಾರು ನೋಡುತ್ತಾರೆ, ಯಾವ ಕೆಲಸಗಳಿಗೆ ಅದು ಸಲ್ಲುತ್ತದೆ ಎಂದೂ ಕೇಳಿ. ಹಾಗೇ ರಿಜಿಸ್ಟರಿನಲ್ಲಿ ಯಾರ ಹೆಸರು, ಯಾವ ವಿಳಾಸ ಇದೆ ನೋಡಿ. ಹಕ್ಕು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಕಲ್ಲು ರಿಪೇರಿಗೆ ಅನುಮತಿ ಸಿಗುವುದೂ ಕಷ್ಟವಾಗಬಹುದು, ಕಚೇರಿಯ ನೋಟಿಸು ಹಳೇ ಮನೆಗೆ ಹೋಗಬಹುದು. ವರ್ಗಾವಣೆ ಅರ್ಜಿಯನ್ನು ಅದೇ ದಿನ ಕೊಟ್ಟುಬಿಡಿ.