ಅರ್ಧ ತಾಸಿಗೊಂದು ಅಳತೆ: ನಕ್ಷತ್ರದ ಮಿಡಿತ, ಗ್ರಹದ ಅಡ್ಡಹಾಯುವಿಕೆ, ನಡುವೆ ನೈಕ್ವಿಸ್ಟ್ ಗೋಜಲು

ಈ ಸೆಮಿಸ್ಟರ್‌ನಲ್ಲಿ ಖಗೋಳ ಭೌತಶಾಸ್ತ್ರ ತೆಗೆದುಕೊಂಡವರಿಗೆ ಈ ಟಿಪ್ಪಣಿ. ಧಾರವಾಡದ ಸಪ್ತಾಪುರದಲ್ಲಿ ನಾವು ನಾಲ್ಕೈದು ಜನ ಸೇರಿ ನಾಸಾದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಡೇಟಾ ಇಳಿಸಿಕೊಂಡು ಓದುತ್ತಿದ್ದೇವೆ. ಡೇಟಾ ಪುಕ್ಕಟೆ, ಪೈಥಾನ್ ಪುಕ್ಕಟೆ. ಬೇಕಾಗೋದು ಒಂದು ಲ್ಯಾಪ್‌ಟಾಪ್ ಮತ್ತು ಕರೆಂಟು. ಫೂರಿಯೇ ರೂಪಾಂತರ ನಿಮಗೆ ಗೊತ್ತಿದೆ ಅಂತ ಹಿಡಿದೇ ಬರೆದಿದ್ದೇನೆ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಅಷ್ಟು ನೆನಪಿದ್ದರೆ ಸಾಕು.

ಬಾಹ್ಯಾಕಾಶಕ್ಕೇ ಯಾಕೆ ಹೋಗಬೇಕು

ನೆಲದಿಂದ ನೋಡಿದರೆ ಎರಡು ತೊಂದರೆ. ಒಂದು, ಗಾಳಿಯಿಂದಾಗಿ ನಕ್ಷತ್ರ ಮಿನುಗುತ್ತದೆ. ಸೂರ್ಯನಂಥ ನಕ್ಷತ್ರ ಮಿಡಿದಾಗ ಬೆಳಕು ಏರಿಳಿಯೋದು ಕೆಲವೇ ಪಿಪಿಎಂ. ಭೂಮಿಯಂಥ ಗ್ರಹ ಅದರ ಮುಂದೆ ಹಾದರೆ ಕಡಿಮೆಯಾಗೋದು 84 ಪಿಪಿಎಂ. ಮಿನುಗಿನಲ್ಲಿ ಇದೆಲ್ಲ ಮುಳುಗಿಹೋಗುತ್ತದೆ. ಎರಡನೆಯದು, ಬೆಳಗಾಗುತ್ತದೆ! ದಿನಾ ಹಗಲು ಅಳತೆ ನಿಂತರೆ, ಫೂರಿಯೇ ಸ್ಪೆಕ್ಟ್ರಂನಲ್ಲಿ ಪ್ರತಿ ನಿಜವಾದ ಶಿಖರದ ಆಚೆಗೊಂದು ಈಚೆಗೊಂದು ಸುಳ್ಳು ಶಿಖರ ಏಳುತ್ತದೆ. ಅಂತರ ಸರಿಯಾಗಿ ದಿನಕ್ಕೆ ಒಂದು ಮಿಡಿತ. ನಮ್ಮ ಕಡೆ ಮಳೆಗಾಲ ಹಿಡಿದರೆ ರಾತ್ರಿಯ ಆಕಾಶವೂ ಸಿಗೋದಿಲ್ಲ, ಆ ಮಾತು ಬೇರೆ.

ಅದಕ್ಕೇ ದೂರದರ್ಶಕಗಳನ್ನು ಬಾಹ್ಯಾಕಾಶಕ್ಕೆ ಕಳಿಸಿದರು. ಕೆನಡಾದ ಮೋಸ್ಟ್ 2003ರಲ್ಲಿ ಹೋಯಿತು. ಫ್ರಾನ್ಸ್ ಮುಂದಾಳತ್ವದ ಕೊರೋ 2006ರ ಡಿಸೆಂಬರ್‌ನಲ್ಲಿ, ನಾಸಾದ ಕೆಪ್ಲರ್ 2009ರ ಮಾರ್ಚ್‌ನಲ್ಲಿ, ಟೆಸ್ 2018ರ ಏಪ್ರಿಲ್‌ನಲ್ಲಿ ಹಾರಿದವು. ಕೆಪ್ಲರ್ ನಾಲ್ಕು ವರ್ಷ ಒಂದೇ ಕಡೆ, ಹಂಸ ಮತ್ತು ವೀಣಾ ನಕ್ಷತ್ರಪುಂಜಗಳ ಹತ್ತಿರ, ದಿಟ್ಟಿಸಿ ಕೂತಿತ್ತು. ಒಂದೂವರೆ ಲಕ್ಷಕ್ಕೂ ಜಾಸ್ತಿ ನಕ್ಷತ್ರಗಳನ್ನು ನೋಡಿತು. ಟೆಸ್ ಆಕಾಶದ ಒಂದೊಂದು ಪಟ್ಟಿಗೆ ಸುಮಾರು 27 ದಿನ ಕೊಟ್ಟು ಮುಂದೆ ಹೋಗುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ನನ್ನ ಇಷ್ಟದ ಶಾರ್ಟ್‌ಕಟ್

ಮಿಡಿತದ ಪೇಪರ್‌ಗಳಲ್ಲಿ ಎರಡು ಏಕಮಾನ ಓಡಾಡುತ್ತವೆ. ಸೂರ್ಯನಂಥ ನಕ್ಷತ್ರದವರು ಮೈಕ್ರೋಹರ್ಟ್ಸ್ ಅನ್ನುತ್ತಾರೆ. ಡೆಲ್ಟಾ ಸ್ಕೂಟಿ (ಸೂರ್ಯನಿಗಿಂತ ಬಿಸಿಯಾದ, ಜೋರಾಗಿ ಮಿಡಿಯುವ ಒಂದು ಬಗೆ) ನಕ್ಷತ್ರದವರು ದಿನಕ್ಕೆ ಇಷ್ಟು ಮಿಡಿತ ಅನ್ನುತ್ತಾರೆ. ದಿನಕ್ಕೆ ಒಂದು ಮಿಡಿತ ಅಂದರೆ 11.574 ಮೈಕ್ರೋಹರ್ಟ್ಸ್. ಒಂದು ದಿನಕ್ಕೆ 86,400 ಸೆಕೆಂಡು, ಹತ್ತು ಲಕ್ಷವನ್ನು ಅದರಿಂದ ಭಾಗಿಸಿದರೆ ಬಂತು.

ಇನ್ನೂ ಚಂದದ್ದು ಇನ್ನೊಂದಿದೆ. 16,667ನ್ನು ಮೈಕ್ರೋಹರ್ಟ್ಸ್‌ನಿಂದ ಭಾಗಿಸಿ, ಅವಧಿ ನೇರವಾಗಿ ನಿಮಿಷದಲ್ಲಿ ಸಿಗುತ್ತದೆ. ಸೂರ್ಯನ ಮಿಡಿತ 3090 ಮೈಕ್ರೋಹರ್ಟ್ಸ್ ಸುತ್ತಮುತ್ತ ಜೋರಾಗಿರುತ್ತದೆ. 16,667 ಭಾಗಿಸು 3090, ಸುಮಾರು 5.4 ನಿಮಿಷ. ಪುಸ್ತಕದಲ್ಲಿ ‘ಐದು ನಿಮಿಷದ ಆಂದೋಲನ’ ಅಂತ ಬರೋದು ಇದೇ. ಕ್ಯಾಲ್ಕ್ಯುಲೇಟರ್‌ನಲ್ಲಿ ಸೊನ್ನೆ ಎಣಿಸುತ್ತ ಕೂರುವ ಕೆಲಸ ತಪ್ಪಿತು. ಪರೀಕ್ಷೆಗೆ ಬೇರೇನೂ ನೆನಪಿರದಿದ್ದರೂ ಈ ಸಂಖ್ಯೆ ಇರಲಿ.

ಗ್ರಹದ ಗುಂಡಿ ಹೇಳೋದು ಬರೀ ಅನುಪಾತ

ಗ್ರಹ ನಕ್ಷತ್ರದ ಮುಂದೆ ಹಾದಾಗ, ಹೊತ್ತು ಹೋದಂತೆ ಬೆಳಕನ್ನು ತೋರಿಸುವ ಗೆರೆಯಲ್ಲಿ, ಅಂದರೆ ಲೈಟ್ ಕರ್ವ್‌ನಲ್ಲಿ ಒಂದು ಗುಂಡಿ ಬೀಳುತ್ತದೆ. ಅದರ ಆಳ ಅಂದರೆ ಗ್ರಹದ ತ್ರಿಜ್ಯವನ್ನು ನಕ್ಷತ್ರದ ತ್ರಿಜ್ಯದಿಂದ ಭಾಗಿಸಿ ವರ್ಗ ಮಾಡಿದ್ದು. ಅಷ್ಟೇ. ಗ್ರಹ ಎಷ್ಟು ದೊಡ್ಡದು ಅಂತ ಗುಂಡಿ ಹೇಳೋದೇ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಗುಂಡಿಯ ಆಳ 225 ಪಿಪಿಎಂ ಅಂತಿಟ್ಟುಕೊಳ್ಳಿ. ವರ್ಗಮೂಲ 0.015. ನಕ್ಷತ್ರ ಸೂರ್ಯನಷ್ಟೇ ಇದ್ದರೆ, ಗ್ರಹ ಭೂಮಿಯ 1.6 ಪಟ್ಟು, ಅಂದರೆ ಗಟ್ಟಿ ಕಲ್ಲಿನ ಗ್ರಹ ಇರಬಹುದು. ಅದೇ ನಕ್ಷತ್ರ ಸೂರ್ಯನ 6.8 ಪಟ್ಟು ಉಬ್ಬಿದ ಕೆಂಪು ದೈತ್ಯ ಆಗಿದ್ದರೆ? 0.015ನ್ನು 6.8ರಿಂದ ಗುಣಿಸಿ. ಸೂರ್ಯನ ತ್ರಿಜ್ಯದ ಹತ್ತನೇ ಒಂದು ಭಾಗ ಬಂತು. ಅದು ಗುರುಗ್ರಹ! ಗುಂಡಿ ಒಂದೇ, ಉತ್ತರ ಎರಡು. ನಕ್ಷತ್ರವನ್ನು ಅಳೆಯದೆ ಗ್ರಹವನ್ನು ಅಳೆಯೋದು ಸಾಧ್ಯವೇ ಇಲ್ಲ.

ನಕ್ಷತ್ರವನ್ನು ಅಳೆಯೋಕೆ ಅದರ ಮಿಡಿತವೇ ಸಾಧನ. ಗುಂಡಿ ಸಿಕ್ಕ ಅದೇ ಲೈಟ್ ಕರ್ವ್‌ನಲ್ಲಿ ಆ ಮಿಡಿತವೂ ಇರುತ್ತದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಇದೇ.

ಎರಡು ಸಂಖ್ಯೆ ಸಾಕು

ಸೂರ್ಯನಂಥ ನಕ್ಷತ್ರ ಮತ್ತು ಕೆಂಪು ದೈತ್ಯಗಳಲ್ಲಿ ಮೇಲ್ಪದರದ ಕುದಿತದಿಂದ ಶಬ್ದದ ಅಲೆಗಳು ಹುಟ್ಟಿ ಒಳಗೆಲ್ಲ ಓಡಾಡುತ್ತವೆ. ಪವರ್ ಸ್ಪೆಕ್ಟ್ರಂನಲ್ಲಿ ಸಮ ಅಂತರದ ಶಿಖರಗಳ ಒಂದು ಗುಂಪು ಕಾಣುತ್ತದೆ. ಗುಂಪು ಎಲ್ಲಿ ಎತ್ತರವಾಗಿದೆಯೋ ಆ ಫ್ರೀಕ್ವೆನ್ಸಿ ನ್ಯೂ ಮ್ಯಾಕ್ಸ್. ಒಂದೇ ಬಗೆಯ ಅಕ್ಕಪಕ್ಕದ ಶಿಖರಗಳ ನಡುವಿನ ಸಮ ಅಂತರ ಡೆಲ್ಟಾ ನ್ಯೂ. ಸೂರ್ಯನಿಗೆ ಇವು ಸುಮಾರು 3090 ಮತ್ತು 135 ಮೈಕ್ರೋಹರ್ಟ್ಸ್.

ಡೆಲ್ಟಾ ನ್ಯೂ ತಲೆಕೆಳಗು ಮಾಡಿದರೆ ಶಬ್ದ ನಕ್ಷತ್ರವನ್ನು ಈ ಬದಿಯಿಂದ ಆ ಬದಿಗೆ ದಾಟುವ ಸಮಯ ಬರುತ್ತದೆ. ಸೂರ್ಯನಿಗೆ ಸುಮಾರು ಎರಡು ತಾಸು. ನಕ್ಷತ್ರ ಉಬ್ಬಿ ಸಡಿಲಾದರೆ ಸಮಯ ಜಾಸ್ತಿ, ಡೆಲ್ಟಾ ನ್ಯೂ ಕಡಿಮೆ. ಅದು ಸರಾಸರಿ ಸಾಂದ್ರತೆಯ ವರ್ಗಮೂಲದಂತೆ ನಡೆಯುತ್ತದೆ. ನ್ಯೂ ಮ್ಯಾಕ್ಸ್ ಮೇಲ್ಮೈ ಗುರುತ್ವವನ್ನು ತಾಪಮಾನದ ವರ್ಗಮೂಲದಿಂದ ಭಾಗಿಸಿದಂತೆ ನಡೆಯುತ್ತದೆ. ಎರಡನ್ನೂ ಸೇರಿಸಿ ಬಿಡಿಸಿದರೆ ತ್ರಿಜ್ಯ ಮತ್ತು ದ್ರವ್ಯರಾಶಿ ಎರಡೂ ಕೈಗೆ ಬರುತ್ತವೆ. ಎಲ್ಲವೂ ಸೂರ್ಯನಿಗೆ ಹೋಲಿಸಿದ ಅನುಪಾತದಲ್ಲಿ:

ತ್ರಿಜ್ಯ = ನ್ಯೂ ಮ್ಯಾಕ್ಸ್ × (ಡೆಲ್ಟಾ ನ್ಯೂ ವರ್ಗದ ವಿಲೋಮ) × ತಾಪಮಾನದ ವರ್ಗಮೂಲ

ದ್ರವ್ಯರಾಶಿ = ನ್ಯೂ ಮ್ಯಾಕ್ಸ್ ಘನ × (ಡೆಲ್ಟಾ ನ್ಯೂ ನಾಲ್ಕನೇ ಘಾತದ ವಿಲೋಮ) × ತಾಪಮಾನದ ಒಂದೂವರೆ ಘಾತ

ಸುಲಭ ಸಂಖ್ಯೆ ಹಾಕಿ. ನ್ಯೂ ಮ್ಯಾಕ್ಸ್ 103, ಅಂದರೆ ಸೂರ್ಯನ ಮೂವತ್ತನೇ ಒಂದು ಭಾಗ. ಡೆಲ್ಟಾ ನ್ಯೂ 9, ಅಂದರೆ ಹದಿನೈದನೇ ಒಂದು. ಮೇಲ್ಮೈ ತಾಪಮಾನ 4800 ಕೆಲ್ವಿನ್, ಅಂದರೆ ಸೂರ್ಯನದರ 0.83 ಪಟ್ಟು. ತ್ರಿಜ್ಯ: 225ನ್ನು 30ರಿಂದ ಭಾಗಿಸಿ, 7.5. ತಾಪಮಾನದ ವರ್ಗಮೂಲ 0.91. ಗುಣಿಸಿದರೆ 6.8. ಮೇಲಿನ ಕೆಂಪು ದೈತ್ಯ ಇದೇ. ದ್ರವ್ಯರಾಶಿ ಸುಮಾರು 1.4 ಸೂರ್ಯ ಬರುತ್ತದೆ, ನೀವೇ ಮಾಡಿ ನೋಡಿ. ನಾಲ್ಕನೇ ಘಾತದ ಬಗ್ಗೆ ಮಾತ್ರ ಹುಷಾರು: ಡೆಲ್ಟಾ ನ್ಯೂ ಒಂದು ಪರ್ಸೆಂಟ್ ತಪ್ಪಿದರೆ ದ್ರವ್ಯರಾಶಿ ನಾಲ್ಕು ಪರ್ಸೆಂಟ್ ತಪ್ಪುತ್ತದೆ.

ಈ ದಾರಿಯಲ್ಲೇ ಕೆಪ್ಲರ್-93ಬಿ ಗ್ರಹದ ತ್ರಿಜ್ಯವನ್ನು ಭೂಮಿಯ 1.48 ಪಟ್ಟು ಅಂತ ಅಳೆದರು, ಸುಮಾರು 120 ಕಿಲೋಮೀಟರ್ ಮಾತ್ರ ಹೆಚ್ಚುಕಮ್ಮಿ. ಭೂಮಿಗಿಂತ ಚಿಕ್ಕ ಐದು ಗ್ರಹಗಳಿರುವ ಕೆಪ್ಲರ್-444ರ ವಯಸ್ಸು ಸುಮಾರು 1,120 ಕೋಟಿ ವರ್ಷ ಅಂತ ಗೊತ್ತಾಗಿದ್ದೂ ಅದರ ಮಿಡಿತದಿಂದಲೇ.

ಈಗ ನಿಜವಾದ ಗೋಜಲು

ಕೆಪ್ಲರ್ ಬಹುತೇಕ ನಕ್ಷತ್ರಗಳ ಬೆಳಕನ್ನು 29.4 ನಿಮಿಷ ಕೂಡಿಸಿ ಒಂದು ಬಿಂದು ಕೊಡುತ್ತಿತ್ತು. ದಿನಕ್ಕೆ 48.94 ಬಿಂದು. ಒಂದು ಮಿಡಿತಕ್ಕೆ ಕನಿಷ್ಠ ಎರಡು ಬಿಂದು ಬೇಕು ಅನ್ನೋದು ನಿಯಮ. ಹಾಗಾಗಿ ಮಿತಿ ದಿನಕ್ಕೆ 24.47 ಮಿಡಿತ, ಅಂದರೆ 283 ಮೈಕ್ರೋಹರ್ಟ್ಸ್. ಇದು ನೈಕ್ವಿಸ್ಟ್ ಮಿತಿ. ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ.

ನಮ್ಮ ಗುಂಪಿನ ಕಿರಿಯಳೊಬ್ಬಳು ಕೇಳಿದಳು, ‘ಅಕ್ಕಾ, ಅದಕ್ಕಿಂತ ಜೋರಾಗಿ ಮಿಡಿಯೋದು ಕಾಣಂಗಿಲ್ಲ ಅಂದ್ರ ಮುಗೀತಲ್ಲ, ಅದರಾಗ ಗೋಜಲೇನೈತಿ?’ ಗೋಜಲು ಏನೆಂದರೆ, ಅದು ಕಾಣುತ್ತದೆ. ತಪ್ಪು ಜಾಗದಲ್ಲಿ ಕಾಣುತ್ತದೆ.

ಗದಗದಿಂದ ಕಪ್ಪತಗುಡ್ಡದ ಕಡೆ ಹೋದವರು ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ಒಂದು ಯಂತ್ರ ಆರು ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿದೆ ಅನ್ನೋಣ. ಮೂರು ರೆಕ್ಕೆಯೂ ಒಂದೇ ತರ ಇರೋದರಿಂದ ಎರಡು ಸೆಕೆಂಡಿಗೊಮ್ಮೆ ನೋಟ ಹಾಗೇ ಮರಳುತ್ತದೆ. ನೀವು ಸರಿಯಾಗಿ 1.9 ಸೆಕೆಂಡಿಗೊಂದು ಫೋಟೋ ತೆಗೆದು ಜೋಡಿಸಿದರೆ, ಪ್ರತಿ ಸಲ ರೆಕ್ಕೆ ಹಿಂದಿನದರ ಜಾಗಕ್ಕೆ ತಲುಪಲು ಸ್ವಲ್ಪವೇ ಕಡಿಮೆ ಇರುತ್ತದೆ. ವಿಡಿಯೋದಲ್ಲಿ ಯಂತ್ರ ನಿಧಾನಕ್ಕೆ ಹಿಂದಕ್ಕೆ ತಿರುಗುತ್ತದೆ. ಫೋಟೋ ಒಂದೂ ಸುಳ್ಳಲ್ಲ. ವೇಗ ಮಾತ್ರ ಸುಳ್ಳು, ದಿಕ್ಕೂ ಸುಳ್ಳು.

ಈಗ ನಕ್ಷತ್ರ. ದಿನಕ್ಕೆ 30 ಸಲ ಮಿಡಿಯುವ ಡೆಲ್ಟಾ ಸ್ಕೂಟಿ ತೆಗೆದುಕೊಳ್ಳಿ, ಅವಧಿ 48 ನಿಮಿಷ. ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ಅದು ಎಷ್ಟು ಸಾಗಿತು? 30 ಭಾಗಿಸು 48.94, ಅಂದರೆ 0.613 ಮಿಡಿತ. ಇಲ್ಲಿ ಸ್ವಲ್ಪ ನಿಲ್ಲಿ. ಸುತ್ತಿನಲ್ಲಿ 0.613 ಮುಂದೆ ಹೋದರೂ, 0.387 ಹಿಂದೆ ಬಂದರೂ ತಲುಪುವ ಜಾಗ ಒಂದೇ, ಅಲ್ವಾ? ಎರಡನ್ನೂ ಕೂಡಿಸಿದರೆ ಒಂದು ಪೂರ್ತಿ ಸುತ್ತು. ಎರಡನೇ ಬಿಂದುವಿಗೂ ಹಾಗೇ, ನೂರನೇ ಬಿಂದುವಿಗೂ ಹಾಗೇ. ಕೊಸೈನ್‌ಗೆ ಹಿಂದೆ ಮುಂದೆ ಅನ್ನೋ ಭೇದವಿಲ್ಲ. ಸೈನ್‌ಗೆ ಚಿಹ್ನೆ ಬದಲಾಗುತ್ತದೆ, ಫ್ರೀಕ್ವೆನ್ಸಿ ಬದಲಾಗೋದಿಲ್ಲ. ಹಾಗಾಗಿ ಡೇಟಾಕ್ಕೆ ಇದು 0.387 ಮಿಡಿತ ಸಾಗುವ ನಕ್ಷತ್ರ. 0.387ನ್ನು 48.94ರಿಂದ ಗುಣಿಸಿದರೆ ದಿನಕ್ಕೆ 18.94. ಶಿಖರ ಏಳೋದು ಅಲ್ಲಿ. ಪುಸ್ತಕಗಳು ‘ನೈಕ್ವಿಸ್ಟ್‌ನಲ್ಲಿ ಮಡಚಿಕೊಳ್ಳುತ್ತದೆ’ ಅಂತ ಒಂದೇ ಸಾಲಿನಲ್ಲಿ ಮುಗಿಸೋದು ಇದನ್ನೇ. 24.47ರಿಂದ 30 ಎಷ್ಟು ಮೇಲಿದೆಯೋ 18.94 ಅಷ್ಟೇ ಕೆಳಗಿದೆ, ಕಳೆದು ನೋಡಿ.

ಇನ್ನೂ ಮೇಲಿನ ಫ್ರೀಕ್ವೆನ್ಸಿಗೂ ಇದೇ ವಿಧಾನ: ಭಾಗಿಸಿ, ಪೂರ್ಣಾಂಕ ಬಿಸಾಕಿ, ಉಳಿದದ್ದು ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಂದರಿಂದ ಕಳೆಯಿರಿ, ಮತ್ತೆ ಗುಣಿಸಿ. ಸೂರ್ಯನಿಗೆ ಮಾಡೋಣ. ಅಳತೆಯ ಫ್ರೀಕ್ವೆನ್ಸಿ 566.4 ಮೈಕ್ರೋಹರ್ಟ್ಸ್. 3090ನ್ನು ಅದರಿಂದ ಭಾಗಿಸಿದರೆ 5.455. ಐದು ಹೋಯಿತು, 0.455 ಉಳಿಯಿತು. ಅರ್ಧಕ್ಕಿಂತ ಕಡಿಮೆ, ಹಾಗೇ ಇರಲಿ. ಗುಣಿಸಿದರೆ 258 ಹತ್ತಿರ.

ಹಾಗಾದರೆ ಅರ್ಧ ತಾಸಿನ ಡೇಟಾದಲ್ಲಿ ಸೂರ್ಯನಂಥ ನಕ್ಷತ್ರದ ಮಿಡಿತ 258ರಲ್ಲಿ ಕಾಣಬೇಕಲ್ಲ? ಲೆಕ್ಕದಲ್ಲಿ ಹೌದು, ಕಣ್ಣಿಗೆ ಇಲ್ಲ. ಇದು ಎರಡನೇ ಏಟು. ಕೆಪ್ಲರ್ ಕ್ಷಣಮಾತ್ರ ನೋಡಿ ಬಿಡುತ್ತಿರಲಿಲ್ಲ, 29.4 ನಿಮಿಷವೂ ಬೆಳಕು ಕೂಡಿಸುತ್ತಿತ್ತು. ಅಷ್ಟರಲ್ಲಿ ಐದೂವರೆ ಮಿಡಿತ ಮುಗಿದು, ಏರು ಇಳಿವು ಒಂದನ್ನೊಂದು ಅಳಿಸಿರುತ್ತವೆ. ಎಷ್ಟು ಅಳಿಯಿತು ಅಂತ ಹೇಳುವ ಸಿಂಕ್ ಫಂಕ್ಷನ್, ಅಂದರೆ sin(πx)/(πx), ಹಾಕಿದರೆ (ಇಲ್ಲಿ x 5.455) ಉಳಿಯೋದು ಸುಮಾರು ಆರು ಪರ್ಸೆಂಟ್. ಮೊದಲೇ ಕೆಲವು ಪಿಪಿಎಂ, ಅದರಲ್ಲಿ ಆರು ಪರ್ಸೆಂಟ್ ಅಂದರೆ ಏನೂ ಇಲ್ಲ. ನಮ್ಮ ಡೆಲ್ಟಾ ಸ್ಕೂಟಿಗೆ ಮಾತ್ರ ಅರ್ಧದಷ್ಟು ಉಳಿಯುತ್ತದೆ. ಅವುಗಳ ಮಿಡಿತ ಜೋರು, ಹಾಗಾಗಿ ಸುಳ್ಳು ಶಿಖರ ರಾಜಾರೋಷವಾಗಿ ಎದ್ದು ನಿಲ್ಲುತ್ತದೆ.

ಕೆಪ್ಲರ್ ಒಂದು ಸಲಕ್ಕೆ 512 ಗುರಿಗಳಿಗೆ ಮಾತ್ರ ಒಂದು ನಿಮಿಷದ ಅಳತೆ ಇಟ್ಟಿತ್ತು. ಸೂರ್ಯನಂಥವುಗಳ ಮಿಡಿತ ಸಿಕ್ಕಿದ್ದು ಅದರಲ್ಲಿ. ಕೆಂಪು ದೈತ್ಯಗಳಿಗೆ ಈ ತಾಪತ್ರಯವಿಲ್ಲ: 16,667 ಭಾಗಿಸು 103, ಎರಡು ತಾಸು 42 ನಿಮಿಷ. ಅರ್ಧ ತಾಸಿನ ಬಿಂದುಗಳು ಧಾರಾಳವಾಗಿ ಸಾಕು.

ಸುಳ್ಳು ಶಿಖರ ಹಿಡಿಯೋದು ಹೇಗೆ

ಅಳತೆಯ ಅಂತರ ಬದಲಾಯಿಸಿದರೆ ಸುಳ್ಳು ಜಾಗ ಬದಲಾಯಿಸುತ್ತದೆ, ನಿಜ ಅಲ್ಲೇ ಇರುತ್ತದೆ. ಅದೇ ನಕ್ಷತ್ರಕ್ಕೆ ಟೆಸ್‌ನ ಎರಡು ನಿಮಿಷದ ಡೇಟಾ ಇದ್ದರೆ ಕೆಲಸ ಮುಗಿಯಿತು. ಅಲ್ಲಿ ಮಿತಿ ದಿನಕ್ಕೆ 360 ಮಿಡಿತ.

ಇಲ್ಲದಿದ್ದರೆ ಕೆಪ್ಲರ್ ಡೇಟಾದಲ್ಲೇ ಉಪಾಯ ಇದೆ. ಕೆಪ್ಲರ್ ಸೂರ್ಯನನ್ನು 372.5 ದಿನಕ್ಕೊಮ್ಮೆ ಸುತ್ತುತ್ತಿತ್ತು. ನಕ್ಷತ್ರದ ಕಡೆ ಸ್ವಲ್ಪ ಹತ್ತಿರ ಬಂದಾಗ ಬೆಳಕು ಬೇಗ ಸಿಗುತ್ತದೆ, ದೂರ ಹೋದಾಗ ತಡ. ಅದನ್ನು ಸರಿಪಡಿಸಲು ಪ್ರತಿ ಬಿಂದುವಿನ ಸಮಯವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೊಂದಿಸುತ್ತಾರೆ. ಹೊಂದಿಸಿದ ಮೇಲೆ ಬಿಂದುಗಳ ನಡುವಿನ ಅಂತರ ಸರಿಸಮ ಇರೋದಿಲ್ಲ, ವರ್ಷವಿಡೀ ಚೂರು ಹಿಗ್ಗಿ ಕುಗ್ಗುತ್ತದೆ. ನಿಜವಾದ ಶಿಖರಕ್ಕೆ ಇದರಿಂದ ಏನೂ ಆಗೋದಿಲ್ಲ. ಮಡಚಿ ಬಂದ ಶಿಖರ ಮಾತ್ರ ಒಡೆದು, ಪಕ್ಕದಲ್ಲಿ 372.5 ದಿನದ ಲೆಕ್ಕದ ಅಂತರದಲ್ಲಿ ಮರಿ ಶಿಖರಗಳನ್ನು ಇಟ್ಟುಕೊಳ್ಳುತ್ತದೆ. ಮರ್ಫಿ, ಶಿಬಾಹಾಶಿ, ಕರ್ಟ್ಜ್ 2013ರಲ್ಲಿ ಇದನ್ನು ತೋರಿಸಿಕೊಟ್ಟರು.

ಆ ಅಂತರ ದಿನಕ್ಕೆ 0.0027 ಮಿಡಿತ. ಬಿಡಿಸಿ ನೋಡುವ ಶಕ್ತಿ ಅಂದರೆ ಒಟ್ಟು ದಿನಗಳ ವಿಲೋಮ. ಕೆಪ್ಲರ್‌ನ ನಾಲ್ಕು ವರ್ಷಕ್ಕೆ 0.0007, ಆರಾಮಾಗಿ ಕಾಣುತ್ತದೆ. ಟೆಸ್‌ನ 27 ದಿನಕ್ಕೆ 0.037. ಅಷ್ಟು ಕಡಿಮೆ ದಿನದಲ್ಲಿ ಮರಿಗಳೆಲ್ಲ ತಾಯಿ ಶಿಖರದೊಳಗೇ ಅಡಗಿರುತ್ತವೆ.

ಗ್ರಹಕ್ಕೆ ಮಿಡಿತ ಅಡ್ಡ ಬಂದಾಗ

ವಾಸ್ಪ್-33 ಡೆಲ್ಟಾ ಸ್ಕೂಟಿ ನಕ್ಷತ್ರ. ಅದರ ಗ್ರಹ 1.22 ದಿನಕ್ಕೊಮ್ಮೆ ಮುಂದೆ ಹಾಯುತ್ತದೆ, ನಕ್ಷತ್ರ ಸುಮಾರು ತಾಸಿಗೊಮ್ಮೆ ಮಿಡಿಯುತ್ತದೆ. ಗುಂಡಿಯ ತಳವೇ ಅಲೆಅಲೆಯಾಗಿರುತ್ತದೆ. ಮೊದಲು ಗುಂಡಿಗಳನ್ನು ಬಿಟ್ಟು ಉಳಿದ ಡೇಟಾಕ್ಕೆ ಮಿಡಿತಗಳನ್ನು ಹೊಂದಿಸಿ ಕಳೆಯಬೇಕು, ಆಮೇಲೆ ಗುಂಡಿ ಅಳೆಯಬೇಕು. ಸುಮ್ನೆ ಸರಾಸರಿ ತೆಗೆದು ನಯ ಮಾಡಲು ಹೋದರೆ ಗುಂಡಿಯೂ ಸವೆಯುತ್ತದೆ.

ಕೆಐಸಿ 7917485 (ಕೆಪ್ಲರ್ ನಕ್ಷತ್ರಪಟ್ಟಿಯ ಸಂಖ್ಯೆ) ಅನ್ನೋ ನಕ್ಷತ್ರದಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ಗ್ರಹ ಸಿಕ್ಕಿದ್ದೇ ಮಿಡಿತದಿಂದ. ಗ್ರಹದ ಎಳೆತಕ್ಕೆ ನಕ್ಷತ್ರ ಹಿಂದೆ ಮುಂದೆ ಸರಿಯುವಾಗ ಮಿಡಿತಗಳು ಸುಮಾರು ಏಳು ಸೆಕೆಂಡು ಬೇಗ ಅಥವಾ ತಡವಾಗಿ ಬರುತ್ತವೆ, 840 ದಿನದ ಆವರ್ತದಲ್ಲಿ. 2016ರಲ್ಲಿ ಪ್ರಕಟವಾದ ಕೆಲಸ ಇದು. ಗ್ರಹದ ದ್ರವ್ಯರಾಶಿ ಗುರುವಿನ ಕನಿಷ್ಠ 12 ಪಟ್ಟು ಹತ್ತಿರ. ಇಂಥ ಸರಿದಾಟವೂ ಶಿಖರದ ಪಕ್ಕ ಮರಿ ಶಿಖರಗಳನ್ನೇ ಎಬ್ಬಿಸುತ್ತದೆ. ಹಾಗಾಗಿ ಕೆಪ್ಲರ್ ಡೇಟಾದಲ್ಲಿ ಮರಿ ಕಂಡ ಕೂಡಲೇ ಅದರ ಅಂತರವನ್ನು ದಿನಕ್ಕೆ ತಿರುಗಿಸಿ. 372.5 ಬಂದರೆ ಓಡಾಡುತ್ತಿರೋದು ಕೆಪ್ಲರ್, ನಿಮ್ಮ ಶಿಖರ ಮಡಚಿ ಬಂದದ್ದು. ಬೇರೆ ಸಂಖ್ಯೆ ಬಂದರೆ ನಕ್ಷತ್ರವನ್ನು ಏನೋ ಎಳೆಯುತ್ತಿರಬಹುದು, ಆ ಫೈಲನ್ನು ಮಾತ್ರ ಡಿಲೀಟ್ ಮಾಡಬೇಡಿ.